ನಂದಾ ಮಿಸ್‌ಗೆ ಕೇಳಿಸಿದ್ದು

ನಂದಾ ಮಿಸ್ ಆ ಹೆಂಗಸಿಗೆ ತಪ್ಪು ಪಾಠ ಹೇಳಿಕೊಡುತ್ತಿದ್ದಾಳೆ ಎಂದು ತವಮಣಿಗೆ ಮೊದಲು ಅನ್ನಿಸಿತು. ಪಾಠ ತಪ್ಪಲ್ಲ, ತೀರಾ ಸರಿಯಾಗಿಯೇ ಇದೆ ಎಂದು ಆಮೇಲೆ ತಿಳಿದಾಗ ಅವಳಿಗೆ ಹೆದರಿಕೆಯಾಯಿತು.

ನಂದಾ ಮಿಸ್ ಮನುಷ್ಯಳಲ್ಲ. ಮಂಗಳೂರಿನಲ್ಲಿ, ಹಿಂದೆ ಗೋಡಂಬಿ ಕಾರ್ಖಾನೆಯ ಗೋದಾಮಾಗಿದ್ದ ಕಟ್ಟಡವೊಂದರಲ್ಲಿ, ಸ್ವರಸೇತು ಎಂಬ ಸಣ್ಣ ಕಂಪನಿ ಕಟ್ಟುತ್ತಿದ್ದ ಯಂತ್ರ ಟೀಚರು. ಶ್ರೀಲಂಕಾದ ಸಿಂಹಳ ಮಾತಾಡುವ ಜನ ಫೋನಿನಲ್ಲಿ ಅವಳ ಜೊತೆ ಇಂಗ್ಲಿಷಿನಲ್ಲಿ ಹರಟಬೇಕು. ಎಡವಿದ ಕಡೆ ಅವಳು ನಗದೆ, ಗದರದೆ ಸಿಂಹಳದಲ್ಲೇ ತಿದ್ದಬೇಕು. ಅಲ್ಲಿ ಟೀಚರಮ್ಮಂದಿರನ್ನು ಮಿಸ್ ಎಂದೇ ಕರೆಯುವುದರಿಂದ ಆ ಹೆಸರು. ಪರೀಕ್ಷೆಗೆಂದು ಬಿಟ್ಟ ಕೆಲವೇ ತಿಂಗಳಲ್ಲಿ ಆಟೋ ಓಡಿಸುವವರು, ನರ್ಸುಗಳು, ಹೋಟೆಲು ನಡೆಸುವವರು, ಕತಾರಿಗೋ ಕೊರಿಯಾಕ್ಕೋ ಹೊರಟು ನಿಂತವರು ಎಂದು ಸಾವಿರಾರು ಮಂದಿ ಅವಳ ಶಿಷ್ಯರಾಗಿದ್ದರು. ಕ್ಲಾಸಿನಲ್ಲಿ ಬಾಯಿ ತೆರೆಯಲು ನಾಚುವವರು ಕೂಡ ಅವಳೆದುರು ನಾಚುತ್ತಿರಲಿಲ್ಲ.

ತವಮಣಿಯ ಕೆಲಸ ಮಿಸ್‌ಗೆ ಕಿವಿ ಕೊಡುವುದು. ಸಿಂಹಳದವರು ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಯಂತ್ರಕ್ಕೆ ಕೇಳಿಸುವಂತೆ ಮಾಡುವುದು. ಅವರು ನಮ್ಮ ಹಾಗೆಯೇ ಸ್ಕೂಲಿಗೆ ಇಸ್ಕೂಲ್ ಎನ್ನುತ್ತಾರೆ. ಫ ಇದ್ದಲ್ಲಿ ಪ ಬರುತ್ತದೆ. ಹಾಲ್ ಎನ್ನಬೇಕಾದಲ್ಲಿ ಹೋಲ್, ಹೋಲ್ ಎನ್ನಬೇಕಾದಲ್ಲಿ ಹಾಲ್ ಆಗುತ್ತದೆ. ಮಿಸ್ ಇಷ್ಟನ್ನು ಕಲಿತ ಮೇಲೆ ತಾನೇ ಕೇಳುತ್ತಾ ಕೇಳುತ್ತಾ ಇನ್ನೂ ಸೂಕ್ಷ್ಮವಾದದ್ದನ್ನು ಹಿಡಿಯಬಲ್ಲವಳಾಗಿದ್ದಳು. ಶಿಷ್ಯರ ತಪ್ಪಿಗೆ ತಕ್ಕ ಪಾಠವನ್ನು ತಾನೇ ಕಟ್ಟುವ ಸ್ವಾತಂತ್ರ್ಯವೂ ಅವಳಿಗಿತ್ತು. ವಾರಕ್ಕೊಮ್ಮೆ ಕೆಲವು ಪಾಠಗಳ ಧ್ವನಿಮುದ್ರಣ ಕೇಳಿ, ಎಲ್ಲ ಸರಿಯಾಗಿದೆಯೇ ಎಂದು ತವಮಣಿ ನೋಡುತ್ತಿದ್ದಳು. ಶಿಷ್ಯರ ಹೆಸರು ಅವಳಿಗೆ ಕಾಣುತ್ತಿರಲಿಲ್ಲ. ದನಿ ಮಾತ್ರ.

ಆ ದನಿ ಅರವತ್ತು ದಾಟಿದ ಹೆಂಗಸಿನದು. ಕೇಗಾಲೆಯ ಹತ್ತಿರ, ಆನೆ ನೋಡಲು ಬರುವ ವಿದೇಶಿಯರಿಗೆ ಮನೆಯ ಎರಡು ಕೋಣೆ ಕೊಟ್ಟು ತಿಂಡಿ ಊಟ ಮಾಡಿ ಬಡಿಸುವವಳು. ಅಡುಗೆಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ಒಗ್ಗರಣೆಯ ಸದ್ದಿನ ನಡುವೆಯೇ ಕಲಿಯುತ್ತಿದ್ದಳು. ಮಿಸ್ ಅವಳಿಂದ ಬೆಡ್, ಬಾತ್, ಬ್ರೇಕ್‌ಫಾಸ್ಟ್, ಬಾಲ್ಕನಿ ಎಂದು ಮತ್ತೆ ಮತ್ತೆ ಹೇಳಿಸುತ್ತಿದ್ದಳು. "ತುಟಿ ಬಿಡೋಕೆ ಮೊದಲೇ ಗಂಟಲು ನಡುಗಬೇಕು ಅಮ್ಮಾ. ಗಂಟಲ ಮೇಲೆ ಬೆರಳಿಟ್ಟು ನೋಡಿಕೊಳ್ಳಿ," ಎನ್ನುತ್ತಿದ್ದಳು.

ತವಮಣಿಗೆ ವಿಚಿತ್ರವೆನಿಸಿದ್ದು ಅಲ್ಲಿಯೇ. ಗಂಟಲಿಗೆ ಬೆರಳಿಟ್ಟು ಪ ಎನ್ನಿ, ಆಮೇಲೆ ಬ ಎನ್ನಿ. ಬ ಎನ್ನುವಾಗ ತುಟಿ ತೆರೆಯುವ ಮೊದಲೇ ಒಳಗೊಂದು ನಡುಕ ಹುಟ್ಟುತ್ತದೆ. ಕನ್ನಡದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಸಿಂಹಳದವರಿಗೂ ಬೇಕಾಗಿಲ್ಲ. ಎರಡೂ ಭಾಷೆಯಲ್ಲಿ ಪ ಬೇರೆ, ಬ ಬೇರೆ, ತೊಟ್ಟಿಲಿನಿಂದಲೇ ಬಂದಿರುತ್ತದೆ. ಈ ಪಾಠ ಬೇಕಾಗುವುದು ತಮಿಳು ಕೇಳಿ ಬೆಳೆದ ಬಾಯಿಗೆ. ಅಲ್ಲಿ ಆ ಎರಡಕ್ಕೂ ಒಂದೇ ಅಕ್ಷರ. ತವಮಣಿಗೆ ಇದು ಚೆನ್ನಾಗಿ ಗೊತ್ತು. ಮನೆಯಲ್ಲಿ ಅವಳ ಭಾಷೆ ತಮಿಳು.

ಅವಳು ಆ ಹೆಂಗಸಿನ ಬ ಸದ್ದನ್ನು ಕಿವಿಗೊಟ್ಟು ಕೇಳಿದಳು. ಏನೂ ತಪ್ಪಿಲ್ಲ. ಯಾವ ಸಿಂಹಳದವನೂ ಅನುಮಾನಿಸಲಾರ. ಯಂತ್ರ ಅಳೆದದ್ದನ್ನು ಪರದೆಯ ಮೇಲೆ ಹರಡಿ ನೋಡಿದಾಗ ಮಾತ್ರ ಕಾಣಿಸಿತು: ಗಂಟಲಿನ ನಡುಕ ಕಣ್ಣೆವೆ ಮಿಟುಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಷ್ಟು ತಡವಾಗಿ ಶುರುವಾಗುತ್ತಿತ್ತು. ಮನುಷ್ಯರ ಕಿವಿಗೆ ಸಿಗದ ತಡ. ಮಿಸ್‌ಗೆ ಸಿಕ್ಕಿತ್ತು. ಇಂಥ ಗಂಟಲುಗಳನ್ನು ಅವಳು ಯಾರೂ ಹೇಳದೆ ತನ್ನೊಳಗೇ ಒಂದು ಬೇರೆ ಗುಂಪು ಮಾಡಿ ಇಟ್ಟುಕೊಂಡಿದ್ದಳು. ಹೆಸರಿಲ್ಲದ ಗುಂಪು. ಸಿಂಹಳ ನನ್ನ ತಾಯ್ನುಡಿ ಎಂದು ಹೇಳಿ ಸೇರಿದವರಲ್ಲಿ, ಹಾಗಲ್ಲದ ಕೆಲವರ ಗುಂಪು.

ಆ ದೇಶದಲ್ಲಿ ತಮಿಳು ಮನೆಮಾತನ್ನು ಮುಚ್ಚಿಟ್ಟುಕೊಂಡು ಬದುಕಿದವರಿದ್ದಾರೆ ಎಂದು ತವಮಣಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ತಾಯಿ ರಾಸಮ್ಮ ಸಿಲೋನಿನ ರತ್ನಪುರದ ಕಡೆಯ ಎಸ್ಟೇಟಿನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ತಮಿಳರ ಮೇಲೆ ನಡೆದ ಎಂಬತ್ತಮೂರರ ಗಲಭೆಯ ಮರುವರ್ಷ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಸರ್ಕಾರ ಕಳಿಸಿದ ಕಡೆ, ಸುಳ್ಯದ ಹತ್ತಿರದ ರಬ್ಬರ್ ತೋಟಕ್ಕೆ ಬಂದು ಸೇರಿದವಳು. ತವಮಣಿ ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು ಅಲ್ಲಿಯೇ. ಸಿಂಹಳವನ್ನು ಅವಳಿಗೆ ಕಲಿಸಿದವಳು ಅಮ್ಮ. ಆ ಭಾಷೆ ಬರುತ್ತದೆಂದೇ ಈ ಕೆಲಸ ಸಿಕ್ಕಿತ್ತು.

ಈ ಧ್ವನಿಮುದ್ರಣವನ್ನು ತನಗಿಂತ ಮೊದಲು ಯಾರಾದರೂ ಕೇಳಿದ್ದಾರೆಯೇ ಎಂದು ನೋಡಿದಳು. ಕೇಳಿದ್ದರು. ಒಬ್ಬರೇ, ಮತ್ತೆ ಮತ್ತೆ. ಸುಮುದು ವಿಜೇಕೋನ್.

ಸುಮುದು ಕೊಲಂಬೊದಿಂದ ಒಂದು ವರ್ಷದ ಮಟ್ಟಿಗೆ ಬಂದಿದ್ದ ಇಂಗ್ಲಿಷ್ ಅಧ್ಯಾಪಕಿ. ಮಿಸ್‌ನ ಸಿಂಹಳ ಸಹಜವಾಗಿದೆಯೇ, ಮಾತು ಅಲ್ಲಿನ ಜನರಿಗೆ ಒಪ್ಪುತ್ತದೆಯೇ ಎಂದು ನೋಡುವುದು ಅವಳ ಕೆಲಸ. ತವಮಣಿಗಿಂತ ಎರಡು ಮೂರು ವರ್ಷ ಚಿಕ್ಕವಳು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆ, ತಂಗಿಗೆ ನಂಗಿ ಎನ್ನುತ್ತಾರೆ. ಬಂದ ಹೊಸದರಲ್ಲಿ ಇಬ್ಬರೂ ಹಾಗೆಯೇ ಕರೆದುಕೊಂಡು ನಗುತ್ತಿದ್ದರು. ಈಚೆಗೆ ಸುಮುದು ನಗುವುದನ್ನು ಕಡಿಮೆ ಮಾಡಿದ್ದಳು. ತವಮಣಿ ಹತ್ತಿರ ಬಂದರೆ ಪರದೆ ಬದಲಿಸುತ್ತಿದ್ದಳು. ಶಿಷ್ಯರ ದನಿ ಯಾರ್ಯಾರಿಗೆ ಕೇಳಲು ಸಿಗುತ್ತದೆ, ಎಷ್ಟು ದಿನ ಇಡುತ್ತಾರೆ ಎಂದು ಕಂಪ್ಯೂಟರ್ ನೋಡಿಕೊಳ್ಳುವವರನ್ನು ವಿಚಾರಿಸಿದ್ದಳಂತೆ. ಇನ್ನೊಂದು ವಿಷಯ ಈಗ ತವಮಣಿಯ ಲಕ್ಷ್ಯಕ್ಕೆ ಬಂತು. ಆಫೀಸಿನಲ್ಲಿ ಎಲ್ಲರೂ ಒಮ್ಮೆಯಾದರೂ ಮಿಸ್ ಜೊತೆ ಮಾತಾಡಿದ್ದರು. ಸುಮುದು ಮಾತ್ರ ಒಂದು ಸಲವೂ ಮಾತಾಡಿರಲಿಲ್ಲ. ಮಾತಾಡುವ ಸಂದರ್ಭ ಬಂದಾಗಲೆಲ್ಲ ಕೆಮ್ಮೋ, ಗಂಟಲು ನೋವೋ ಎಂದು ನೆಪ ಹೇಳಿ, ಬೇರೊಬ್ಬರಿಂದ ಮಾತಾಡಿಸಿ ತಾನು ಕೇಳಿಸಿಕೊಳ್ಳುತ್ತಿದ್ದಳು.

ಏನಿದು? ಆ ಗುಂಪನ್ನು ಮಾಡಿಸಿದವಳು ಇವಳೇ ಇರಬಹುದೇ? ಯಾರಿಗೋ ಬೇಕೆಂದು?

ತವಮಣಿ ಕಂಪನಿಯ ಮುಖ್ಯಸ್ಥ ವಾಲ್ಟರ್ ಸಿಕ್ವೇರಾ ಅವರ ಬಳಿ ಹೋಗಿ ಗುಂಪಿನ ವಿಷಯ ಹೇಳಿದಳು. ಸುಮುದುವಿನ ಹೆಸರೆತ್ತಲಿಲ್ಲ. ಸಿಕ್ವೇರಾ ಗಾಬರಿಯಾಗುತ್ತಾರೆ ಎಂದುಕೊಂಡಿದ್ದಳು. ಅವರ ಮುಖ ಅರಳಿತು.

"ಎಂತ ಮಾರಾಯ್ತಿ, ಇದು ಒಳ್ಳೆಯ ಸುದ್ದಿಯಲ್ವಾ? ನಾನೇ ಹೇಳುವವನಿದ್ದೆ ನಿಮಗೆ," ಎಂದರು. ಮಿಸ್‌ಗೆ ಈ ಶಕ್ತಿ ಬಂದಿರುವುದು ಅವರಿಗೆ ಕೆಲವು ವಾರಗಳ ಹಿಂದೆಯೇ ತಿಳಿದಿತ್ತು. ಅದನ್ನೇ ಮುಂದಿಟ್ಟು ಅವರು ಹೊಸ ಆವೃತ್ತಿ ಮಾಡಿಸುತ್ತಿದ್ದರು. ತವಮಣಿಗೆ ಅಂದೇ ಅದನ್ನು ಪರೀಕ್ಷೆಗೆ ಕೊಡುವವರಿದ್ದರು. ಹೊಸ ಮಿಸ್ ಶಿಷ್ಯರ ಮನೆಮಾತನ್ನು ದನಿಯಿಂದಲೇ ಗುರುತಿಸಿ, ಅಗತ್ಯವಿದ್ದರೆ ಆ ಭಾಷೆಗೆ ತಾನಾಗಿ ತಿರುಗಿ ವಿವರಿಸುತ್ತಾಳೆ. ಕೊಲಂಬೊದ ಒಂದು ದೊಡ್ಡ ಕಂಪನಿ, ಹೋಟೆಲುಗಳಿಗೆ ಆಫೀಸುಗಳಿಗೆ ಜನ ಒದಗಿಸುವಂಥದ್ದು, ಇದನ್ನು ಕೊಳ್ಳಲು ತುದಿಗಾಲಿನಲ್ಲಿ ನಿಂತಿತ್ತು. ಅವರ ಬೇಡಿಕೆ ಒಂದೇ: ಕೆಲಸ ಕೇಳಿ ಬಂದ ಪ್ರತಿಯೊಬ್ಬರ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂಬುದರ ಜೊತೆ ಮನೆಮಾತು ಯಾವುದು ಎಂದೂ ಮಿಸ್ ತಿಳಿಸಬೇಕು.

ಅದು ಯಾಕೆ ಬೇಕು ಅವರಿಗೆ ಎಂದು ತವಮಣಿ ಕೇಳಿದಳು.

ಸಿಕ್ವೇರಾ ಕೆಟ್ಟ ಮನುಷ್ಯನಲ್ಲ. ಕೊಂಕಣಿ ಬಿಟ್ಟು ಬೇರೆ ತಿಳಿಯದ ಹುಡುಗನಾಗಿ ಕನ್ನಡ ಶಾಲೆಗೆ ಸೇರಿ, ಮೇಷ್ಟ್ರು ಹೇಳಿದ್ದು ಅರ್ಥವಾಗದೆ ವರ್ಷವಿಡೀ ಪೆಟ್ಟು ತಿಂದವರು. ಮಗುವಿನ ಮನೆಮಾತು ಟೀಚರಿಗೆ ಗೊತ್ತಿರಬೇಕು, ಅದಕ್ಕಿಂತ ದೊಡ್ಡ ಕರುಣೆ ಇಲ್ಲ ಎಂಬುದು ಅವರ ಜೀವನದ ನಂಬಿಕೆ. ಅದನ್ನೇ ಈಗಲೂ ಹೇಳಿದರು. ಕೊಳ್ಳುವವರ ಉದ್ದೇಶದ ಬಗ್ಗೆ ಕೇಳಿದ್ದಕ್ಕೆ ಮಾತ್ರ, ಅದೆಲ್ಲ ವ್ಯವಹಾರ, ನಾವು ತಲೆ ಹಾಕುವುದು ಬೇಡ ಎಂದುಬಿಟ್ಟರು. ಅವಳು ಹೊರಡುವಾಗ, ಸುಮುದುವಿಗೂ ಇದು ತಿಳಿದಿದೆಯೇ ಎಂದು ಕೇಳಿದಳು. ನಿನ್ನೆಯೇ ಹೇಳಿದ್ದೇನೆ ಎಂದರು. ಅದಕ್ಕೆ ಅವಳು, ಗುರುತಿಸಿದ ಜನರ ದನಿಯನ್ನು ತವಮಣಿಯೂ ಕೇಳುತ್ತಾಳೆಯೇ ಎಂದಷ್ಟೇ ವಿಚಾರಿಸಿದಳಂತೆ.

ತವಮಣಿಯ ಅನುಮಾನ ಗಟ್ಟಿಯಾಯಿತು.

ಭಾನುವಾರ ಹೊಸ ಮಿಸ್ ಅನ್ನು ಫೋನಿಗೆ ಇಳಿಸಿಕೊಂಡು ತವಮಣಿ ಸುಳ್ಯದ ಬಸ್ಸು ಹತ್ತಿದಳು. ರಾಸಮ್ಮ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದಿಂದ ನಿವೃತ್ತಳಾಗಿ, ಈಗ ತೋಟದ ಹೆಂಗಸರಿಗೆಲ್ಲ ಸಲಹೆ ಹೇಳುತ್ತಾ, ಕೂತಲ್ಲಿಂದಲೇ ಕೆಲಸಗಾರರ ಲೈನುಮನೆಗಳನ್ನೆಲ್ಲ ಆಳುತ್ತಿದ್ದವಳು. ಮಗಳು ಬಂದಾಗ ಕಾಯಿ ತುರಿಯುತ್ತಿದ್ದಳು. ಕಾಯಿತುರಿಗೆ ಒಣಮೆಣಸು, ಈರುಳ್ಳಿ, ನಿಂಬೆರಸ ಹಾಕಿ ಕುಟ್ಟುವ ಸಿಲೋನಿನ ಸಂಬಲ್ ಇಲ್ಲದೆ ಅವಳಿಗೆ ಭಾನುವಾರ ಇಲ್ಲ.

ಒಂದು ಯಂತ್ರದ ಜೊತೆ ಸಿಂಹಳದಲ್ಲಿ ಮಾತಾಡಬೇಕು, ನಡುನಡುವೆ ಇಂಗ್ಲಿಷ್ ಹೇಳಿಕೊಡುತ್ತದೆ, ನೀವು ತಮಿಳಿನವರು ಅಂತ ಮಾತ್ರ ತೋರಿಸಿಕೊಳ್ಳಬೇಡಿ ಎಂದು ಮಗಳು ಹೇಳಿದಾಗ ರಾಸಮ್ಮನಿಗೆ ನಗು ಬಂತು. ನನ್ನ ಸಿಂಹಳದಲ್ಲಿ ಯಾರಿಗೆ ಏನು ತಿಳಿಯುತ್ತದೆ, ಅಲ್ಲಿನ ಸಂತೆಯಲ್ಲಿ ನನ್ನನ್ನು ಹಳ್ಳಿಯ ಸಿಂಹಳದ ಹುಡುಗಿ ಎಂದೇ ತಿಳಿಯುತ್ತಿದ್ದರು ಎಂದಳು. ಅದು ನಿಜವೂ ಆಗಿತ್ತು.

ಮಿಸ್ ಮಾತಿಗೆ ಶುರು ಮಾಡಿದಳು. ಇವತ್ತು ಏನು ಅಡುಗೆ ಅಮ್ಮಾ ಎಂದಳು. ಎಷ್ಟೋ ವರ್ಷಗಳಿಂದ ಮಗಳನ್ನು ಬಿಟ್ಟು ಬೇರೆ ಯಾರ ಜೊತೆಯೂ ಆ ಭಾಷೆ ಆಡದ ರಾಸಮ್ಮನಿಗೆ ಮಾತು ನೀರಿನ ಹಾಗೆ ಹರಿಯಿತು. ಸಂಬಲ್ ಬಗ್ಗೆ ಹೇಳಿದಳು, ರತ್ನಪುರದ ಹೊಳೆಯ ಬಗ್ಗೆ ಹೇಳಿದಳು, ಇಂಗ್ಲಿಷಿನಲ್ಲಿ ಬೌಲ್, ಬಾಯಿಲ್, ಬಕೆಟ್ ಎಂದು ಮಿಸ್ ಹೇಳಿಸಿದ್ದನ್ನೆಲ್ಲ ಹೇಳಿದಳು. ಯಂತ್ರ ಮೆಚ್ಚಿಕೊಂಡಾಗ ಹುಡುಗಿಯ ಹಾಗೆ ನಾಚಿದಳು. ತವಮಣಿಗೆ ತಾನು ಸುಮ್ಮನೆ ಹೆದರಿದೆನೇನೋ ಅನ್ನಿಸತೊಡಗಿತು.

ಆಗ ಮಿಸ್ ಅದೇ ಮೆತ್ತನೆಯ ದನಿಯಲ್ಲಿ, "ತುಂಬಾ ಚೆನ್ನಾಗಿ ಹೇಳ್ತಿದ್ದೀರಿ ಅಮ್ಮಾ. ನಿಮಗೆ ಸುಲಭ ಆಗೋದಾದ್ರೆ ಇನ್ನು ಮುಂದೆ ತಮಿಳಿನಲ್ಲಿ ವಿವರಿಸಲಾ?" ಎಂದಳು. ಕೊನೆಯ ಅರ್ಧ ತಮಿಳಿನಲ್ಲೇ ಬಂತು.

ರಾಸಮ್ಮನ ಕೈ ತುರಿಮಣೆಯ ಮೇಲೆ ನಿಂತಿತು. ಅವಳು ಫೋನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ತವಮಣಿ ಫೋನ್ ಆರಿಸಿದಳು.

ಆಮೇಲೆ ರಾಸಮ್ಮ ಹೇಳಿದ್ದನ್ನು ತವಮಣಿ ಹಿಂದೆ ತುಂಡು ತುಂಡಾಗಿ ಕೇಳಿದ್ದಳು. ಪೂರ್ತಿ ಕೇಳಿದ್ದು ಅಂದೇ. ಗಲಭೆಯ ದಿನ ರಾಸಮ್ಮ ಬಸ್ಸಿನಲ್ಲಿದ್ದಳು. ದಾರಿಯಲ್ಲಿ ಜನ ಬಸ್ಸನ್ನು ನಿಲ್ಲಿಸಿದರು. ಒಬ್ಬ ಒಂದು ಬಕೆಟ್ ಹಿಡಿದುಕೊಂಡು ಹತ್ತಿ, ಪ್ರತಿಯೊಬ್ಬರ ಮುಖಕ್ಕೆ ಹಿಡಿದು ಇದೇನು ಎಂದು ಕೇಳುತ್ತಾ ಬಂದ. ಸಿಂಹಳದಲ್ಲಿ ಅದು ಬಾಲ್ದಿಯ; ನಮ್ಮ ಮಂಗಳೂರಿನ ಬಾಲ್ದಿಯೇ. ತಮಿಳರ ಬಾಯಲ್ಲಿ ಆ ಬ ಸರಿಯಾಗಿ ಹೊರಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ರಾಸಮ್ಮನ ಮುಂದಿನ ಸೀಟಿನಲ್ಲಿದ್ದ ಗಂಡಸಿನ ಬಾಯಲ್ಲಿ ಹೊರಡಲಿಲ್ಲ. ಅವನನ್ನು ಇಳಿಸಿದರು. ಹದಿನೆಂಟರ ರಾಸಮ್ಮ ಹೇಳಿದಳು. ಸರಿಯಾಗಿ ಹೇಳಿದಳು. ಅವನು ಮುಂದಿನವರ ಹತ್ತಿರ ಹೋದ.

"ಅವತ್ತು ಆ ಬಸ್ಸಿನಲ್ಲಿ ಇದು ಇದ್ದಿದ್ರೆ ನೀನು ಹುಟ್ತಾನೇ ಇರಲಿಲ್ಲ," ಎಂದಳು ರಾಸಮ್ಮ. "ಇದಕ್ಕೆ ಕಿವಿ ಕೊಟ್ಟೋರು ಯಾರು?"

ಕೊಟ್ಟವಳು ತಾನೇ ಎಂಬುದನ್ನು ನುಂಗಿಕೊಂಡು ತವಮಣಿ ಫೋನನ್ನು ಚೀಲದೊಳಗೆ ಹಾಕಿದಳು. ಹೊರಡುವಾಗ ರಾಸಮ್ಮ ಎಂದಿನಂತೆ ಸಂಬಲ್ ಡಬ್ಬಿಯನ್ನೇನೋ ಕಟ್ಟಿಕೊಟ್ಟಳು. ಫೋನಿರುವ ಚೀಲವನ್ನು ಮಾತ್ರ ಮುಟ್ಟಲಿಲ್ಲ.

ಬಸ್ಸಿನಲ್ಲಿ ಕೂತು ತವಮಣಿ ಕೇಗಾಲೆಯ ಆ ಹೆಂಗಸನ್ನು ಯೋಚಿಸಿದಳು. ಹೊಸ ಮಿಸ್ ಅವಳ ಫೋನಿಗೆ ಇಳಿದ ದಿನ, ಅಡುಗೆಮನೆಯ ಸ್ಪೀಕರಿನಲ್ಲಿ, ಗಂಡನೋ ಮಕ್ಕಳೋ ನೆರೆಯವರೋ ಕೇಳುತ್ತಿರುವಾಗ ತಮಿಳು ಕೇಳಿಬರುತ್ತದೆ. ಆಮೇಲೆ ಏನಾಗುತ್ತದೆಂದು ಇಲ್ಲಿ ಕೂತು ಹೇಳುವುದು ಹೇಗೆ? ಬಹುಶಃ ಏನೂ ಆಗದಿರಬಹುದು. ಕಾಲ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬದಲಾಗಿದ್ದರೆ ಆ ಹೆಂಗಸು ಇನ್ನೂ ಯಾಕೆ ಮುಚ್ಚಿಟ್ಟುಕೊಂಡಿದ್ದಾಳೆ? ಕೆಲಸಕ್ಕೆ ಜನ ಆರಿಸುವವರಿಗೆ ಮನೆಮಾತು ಯಾಕೆ ಬೇಕು?

ಸೋಮವಾರ ಆಫೀಸಿಗೆ ಬೇಗ ಹೋದಳು. ಸುಮುದು ಆಗಲೇ ಬಂದು, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಪರದೆಯ ಮೇಲೆ ಅದೇ ಧ್ವನಿಮುದ್ರಣ. ತವಮಣಿ ಹಿಂದಿನಿಂದ ಹೋಗಿ ಅವಳ ಪಕ್ಕದ ಕುರ್ಚಿ ಎಳೆದು ಕೂತಳು. ಈ ಹೆಂಗಸಿನ ಮೇಲೆ ನಿನಗೇನು ಇಷ್ಟು ಆಸಕ್ತಿ ಎಂದು ಸಿಂಹಳದಲ್ಲಿ ನೇರವಾಗಿ ಕೇಳಿದಳು.

ಸುಮುದು ಬೆಚ್ಚಿಬಿದ್ದಳು. ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದಳು. ಅದನ್ನು ನಾನು ನಿಮ್ಮನ್ನು ಕೇಳಬೇಕು ಎಂದಳು. ಮಿಸ್‌ಗೆ ಕಿವಿ ಕಟ್ಟಿದವರು ನೀವು. ನಿಮ್ಮ ತಾಯಿ ಲಂಕೆಯಿಂದ ಓಡಿಬಂದ ತಮಿಳಿನವರು. ನಿಮ್ಮ ಜನ ಎಲ್ಲೆಲ್ಲಿ ಅಡಗಿದ್ದಾರೆ ಎಂದು ಹುಡುಕಲು ನೀವೇ ಅಲ್ಲವೇ ಈ ಗುಂಪು ಮಾಡಿದ್ದು? ಹುಡುಕಿ ಯಾರಿಗೆ ಕೊಡುತ್ತೀರಿ?

ತವಮಣಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಈ ಕೆಲವು ದಿನ ತಾನು ಅವಳನ್ನು ಅನುಮಾನದಿಂದ ನೋಡುತ್ತಿದ್ದ ಹಾಗೆಯೇ ಅವಳು ತನ್ನನ್ನು ನೋಡುತ್ತಿದ್ದಳು ಎಂಬುದು ಹೊಳೆಯಿತು. ಈ ಗುಂಪು ಮಾಡಿದ್ದು ನಾನಲ್ಲ, ನೀನು ಎಂದುಕೊಂಡಿದ್ದೆ ಎಂದಳು. ಭಾನುವಾರ ಮನೆಯಲ್ಲಿ ನಡೆದದ್ದನ್ನು ಹೇಳಿದಳು. ಬಸ್ಸು, ಬಕೆಟ್ಟು, ಅಮ್ಮ ಫೋನಿನ ಚೀಲ ಮುಟ್ಟದೆ ಹೋದದ್ದು, ಎಲ್ಲವನ್ನೂ ಹೇಳಿದಳು. ಸುಮುದು ಕೇಳುತ್ತಾ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

"ಅಕ್ಕಾ," ಎಂದಳು ಕೊನೆಗೆ. ಆ ಪದ ಅವಳ ಬಾಯಿಂದ ಬಂದು ಬಹಳ ದಿನವಾಗಿತ್ತು. "ಈ ದನಿ ನಮ್ಮ ಅಮ್ಮನದು."

ಮಿಸ್‌ನ ಪಾಠಕ್ಕೆ ಅಮ್ಮನನ್ನು ಸೇರಿಸಿದವಳು ಸುಮುದುವೇ. ಅಮ್ಮನ ಹೆಸರು ಕುಸುಮಾವತಿ. ಬರುವ ವಿದೇಶಿಯರ ಜೊತೆ ಎರಡು ಮಾತಾಡಲು ಬರಲಿ ಎಂದು ಫೋನಿಗೆ ಹಾಕಿಕೊಟ್ಟಿದ್ದಳು. ಅಮ್ಮ ಹೇಗೆ ಕಲಿಯುತ್ತಾಳೆ ನೋಡೋಣ ಎಂದು ಒಮ್ಮೆ ಸುಮ್ಮನೆ ಕೇಳಿದಾಗ ಆ ಬ ಪಾಠ ಕಿವಿಗೆ ಬಿತ್ತು. ಅವಳಿಗೂ ಮೊದಲು ಮಿಸ್ ತಪ್ಪುತ್ತಿದ್ದಾಳೆ ಎಂದೇ ಅನ್ನಿಸಿತಂತೆ. ಆಮೇಲೆ ಒಂದೊಂದೇ ನೆನಪಾಯಿತು. ಅಮ್ಮನಿಗೆ ತವರಿಲ್ಲ. ಊರೇ ಗುಡ್ಡ ಕುಸಿದು ಹೋಯಿತು, ಯಾರೂ ಉಳಿಯಲಿಲ್ಲ ಎಂದು ಹೇಳುತ್ತಿದ್ದಳು. ಯಾವ ಊರು ಎಂದರೆ ಮಾತು ಬದಲಿಸುತ್ತಿದ್ದಳು. ಮಕ್ಕಳಿಗೆ ಲಾಲಿ ಹಾಡುತ್ತಿದ್ದದ್ದು ಅಪ್ಪ. ಅಮ್ಮ ಗುನುಗುತ್ತಿದ್ದಳು, ಪದ ಇಲ್ಲದೆ. ಜ್ವರ ಬಂದು ಬಡಬಡಿಸಿದಾಗ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸುತ್ತಿದ್ದಳು.

ಮೂವತ್ತು ವರ್ಷ ಜೊತೆಗಿದ್ದು ಮಗಳಿಗೆ ತಿಳಿಯದ್ದನ್ನು ಯಂತ್ರ ಒಂದು ವಾರದಲ್ಲಿ ತಿಳಿದಿತ್ತು. ಮಿಸ್ ಎದುರು ಸುಮುದು ಬಾಯಿ ತೆರೆಯದೆ ಇದ್ದದ್ದಕ್ಕೆ ಅದೇ ಕಾರಣ. ಅಮ್ಮನ ತೊಡೆಯ ಮೇಲೆ ಮಾತು ಕಲಿತ ತನ್ನ ಗಂಟಲಿನಲ್ಲಿ ಅದು ಏನು ಕೇಳಿಸಿಕೊಂಡೀತೋ ಎಂಬ ಭಯ.

ಅಪ್ಪನಿಗೆ ಗೊತ್ತಿದೆಯೇ ಎಂದು ತವಮಣಿ ಕೇಳಲಿಲ್ಲ. ಕೇಳದೆಯೇ ಸುಮುದು, ಅಪ್ಪನಿಗೆ ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಅಪ್ಪನ ಅಣ್ಣಂದಿರಿಗಂತೂ ಖಂಡಿತ ಗೊತ್ತಿಲ್ಲ, ಅವರು ನಮ್ಮ ಪಕ್ಕದ ಮನೆಯಲ್ಲೇ ಇರುವುದು ಎಂದಳು.

ಇಬ್ಬರೂ ಸಿಕ್ವೇರಾ ಅವರ ಕೋಣೆಗೆ ಹೋದರು. ತವಮಣಿ ತನ್ನ ತಾಯಿಯ ಕಥೆ ಹೇಳಿದಳು. ಸಿಕ್ವೇರಾ ತಲೆ ತಗ್ಗಿಸಿ ಕೇಳಿದರು. ಕೇಳಿ, ಅದು ಆ ಕಾಲದ ಕ್ರೌರ್ಯ, ಅದಕ್ಕೆ ಹೆದರಿ ಇವತ್ತಿನ ಒಳ್ಳೆಯದನ್ನು ಬಿಡುವುದು ಸರಿಯಾ ಎಂದರು. ಹಾಗಾದರೆ ಹೊಸ ಮಿಸ್ ಮೊದಲು ಸಿಂಹಳದಲ್ಲೇ ಕೇಳಲಿ, ಒಪ್ಪಿದರೆ ಮಾತ್ರ ಭಾಷೆ ಬದಲಿಸಲಿ ಎಂದರು. ಕೇಳುವುದೇ ಅಪಾಯ ಸರ್ ಎಂದಳು ತವಮಣಿ. ಅವರು ಮತ್ತೆ ತಮ್ಮ ಶಾಲೆಯ ದಿನಗಳನ್ನು ಎತ್ತಿದರು. ವಾದ ಅಲ್ಲೇ ಸುತ್ತುತ್ತಿತ್ತು. ಕೊಳ್ಳುವವರು ಆ ತಿಂಗಳಲ್ಲೇ ಬರುವವರಿದ್ದರು.

ಸುಮುದು ಅದುವರೆಗೆ ಗೋಡೆಗೆ ಒರಗಿ ನಿಂತಿದ್ದಳು. ಯಾರಿಗೂ ಹೇಳಬಾರದೆಂದು ತಾನೇ ಕಾದುಕೊಂಡದ್ದನ್ನು ಈಗ ಅವಳೇ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವವಳ ಹಾಗೆ, ಕೇಗಾಲೆಯ ಆ ಹೆಂಗಸು ಯಾರು ಎಂದು ಹೇಳಿದಳು. ನಮ್ಮ ಮನೆಯ ಅಡುಗೆಮನೆಯಲ್ಲಿ, ದೊಡ್ಡಪ್ಪಂದಿರು ಚಹಾ ಕುಡಿಯುತ್ತಾ ಕೂತಿರುವಾಗ, ನಿಮ್ಮ ಮಿಸ್ ಅಮ್ಮನನ್ನು ತಮಿಳಿನಲ್ಲಿ ಮಾತಾಡಲೇ ಎಂದು ಕೇಳುತ್ತಾಳೆ ಸರ್, ಬಹಳ ಕರುಣೆಯಿಂದ ಕೇಳುತ್ತಾಳೆ ಎಂದಳು.

ಸಿಕ್ವೇರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗೆ ಪೆಟ್ಟು ಬಿದ್ದದ್ದು ನನ್ನ ಮನೆಮಾತು ಮೇಷ್ಟ್ರಿಗೆ ಗೊತ್ತಿಲ್ಲ ಅಂತ, ಇವರಿಗೆ ಬೀಳುವುದು ಗೊತ್ತಾಯಿತು ಅಂತ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ತವಮಣಿಯ ಕಡೆ ತಿರುಗಿ, "ತೆಗೀಲಿಕ್ಕೆ ಆಗ್ತದಾ ಅದನ್ನು?" ಎಂದರು.

ತೆಗೆಯುವುದು ಅವರು ತಿಳಿದಷ್ಟು ಸುಲಭವಿರಲಿಲ್ಲ. ಗುಂಪನ್ನು ಅಳಿಸಿದರೆ ಮಿಸ್ ಮರುದಿನ ಮತ್ತೆ ಮಾಡುತ್ತಿದ್ದಳು. ಗಂಟಲಿನ ತಡ ಕೇಳಿಸುವವರೆಗೂ ಅದರ ಅರ್ಥ ಅವಳಿಗೆ ಹೊಳೆಯುತ್ತಲೇ ಇತ್ತು. ಉಳಿದದ್ದು ಒಂದೇ ದಾರಿ, ಕಿವಿಯನ್ನೇ ಮಂದ ಮಾಡುವುದು. ತವಮಣಿ ತಾನು ಎರಡು ವರ್ಷ ಕೂತು ಹದ ಮಾಡಿದ್ದನ್ನು ತಾನೇ ಕೆಡಿಸತೊಡಗಿದಳು. ದನಿ ಮಿಸ್‌ನ ಒಳಗೆ ಹೋಗುವ ಮೊದಲೇ ಆ ಸೂಕ್ಷ್ಮ ಹೊತ್ತುಗಳನ್ನೆಲ್ಲ ಒಂದೇ ಅಳತೆಗೆ ತರುವ ಜರಡಿಯೊಂದನ್ನು ಕೂರಿಸಿದಳು. ಹಳೆಯ ಮಿಸ್ ಅನ್ನು ಅಳಿಸಿ, ಈ ಮಂದ ಕಿವಿಯವಳಿಗೆ ಮೊದಲಿನಿಂದ ಕಲಿಸಿದರು. ಪರೀಕ್ಷೆ ಮಾಡಲು ಎಲ್ಲರಿಗಿಂತ ಮೊದಲು ಮಾತಾಡಿದವಳು ಸುಮುದು. ಮಿಸ್ ಅವಳಿಗೆ ಹಾಲ್, ಹೋಲ್ ಪಾಠ ಹೇಳಿಕೊಟ್ಟಳು. ಸುಮುದುವಿಗೆ ಅದು ಬೇಕೇ ಇರಲಿಲ್ಲ. ಹೊಸ ಮಿಸ್ ಎಲ್ಲರಿಗೂ ಎಲ್ಲ ಪಾಠ ಹೇಳುವ, ಒಳ್ಳೆಯ ಸ್ವಭಾವದ, ಸ್ವಲ್ಪ ದಡ್ಡ ಟೀಚರಾಗಿದ್ದಳು.

ಕೊಳ್ಳುವವರು ಬಂದರು, ನೋಡಿದರು, ಮನೆಮಾತು ಹೇಳುವುದಿಲ್ಲವೇ ಎಂದು ಕೇಳಿದರು, ಇಲ್ಲ ಎಂದಮೇಲೆ ಊಟಕ್ಕೂ ನಿಲ್ಲದೆ ಹೋದರು. ಆಗ ಸಿಕ್ವೇರಾ ಇನ್ನೊಂದು ವಿಷಯ ಹೊರಗೆ ಹಾಕಿದರು. ಮಾದರಿಗೆಂದು ಕೆಲವು ಶಿಷ್ಯರ ಮಾಹಿತಿ ಮೊದಲೇ ಅವರಿಗೆ ಹೋಗಿತ್ತು. ಹೆಸರಿರಲಿಲ್ಲ, ದನಿ ಇತ್ತು. ಅಳಿಸಿದ್ದೇವೆ ಎಂದು ಅವರು ಬರೆದು ಕಳಿಸಿದ್ದರು. ಅದರಲ್ಲಿ ಕುಸುಮಾವತಿಯ ದನಿ ಇರಲಿಲ್ಲ ಎಂದು ಸಿಕ್ವೇರಾ ಆಣೆ ಹಾಕಿ ಹೇಳಿದರು. ಯಾರ ದನಿ ಇತ್ತು ಎಂದು ತವಮಣಿ ಕೇಳಿದಾಗ ಅವರು ಕನ್ನಡಕ ಒರೆಸತೊಡಗಿದರು. ಅಳಿಸಿದ್ದೇವೆ ಎಂಬ ಮಾತನ್ನು ತವಮಣಿ ಅಂದೂ ನಂಬಲಿಲ್ಲ, ಆಮೇಲೂ ನಂಬಲಿಲ್ಲ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ಸುಮುದುವಿನ ಫೋನ್ ಬಡಿದುಕೊಂಡಿತು. ಕೈ ಅನ್ನದಲ್ಲಿತ್ತು, ಎಡಗೈ ಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದಳು. ತವಮಣಿ ಆ ದನಿಯನ್ನು ಯಂತ್ರದ ಹೊರಗೆ ಕೇಳಿದ್ದು ಅದೇ ಮೊದಲು.

ಕುಸುಮಾವತಿ ಊಟ ಆಯಿತೇ, ಅಲ್ಲಿ ಸೆಖೆ ಹೇಗಿದೆ ಎಂದೆಲ್ಲ ವಿಚಾರಿಸಿ, ಮಿಸ್ ಮೇಲೆ ದೂರು ಹೇ​ಳತೊಡಗಿದಳು. ಅವಳಿಗೆ ಏನೋ ಆಗಿದೆ, ನನಗೆ ಬರುವುದನ್ನೇ ಹೇಳಿಕೊಡುತ್ತಾಳೆ, ಬಾರದ್ದನ್ನು ಬಿಟ್ಟುಬಿಡುತ್ತಾಳೆ, ಮೊದಲಿನವಳೇ ಚೆನ್ನಾಗಿದ್ದಳು ಎಂದಳು. ಸುಮುದು ಅನ್ನ ಕಲಸುವುದನ್ನು ನಿಲ್ಲಿಸಿ, ಮೊದಲಿನವಳು ಏನಾದರೂ ಹೇಳಿದ್ದಳೇ ಅಮ್ಮಾ ಎಂದು ಆದಷ್ಟು ಹಗುರವಾಗಿ ಕೇಳಿದಳು.

ಆ ಕಡೆ ಒಲೆಯ ಮೇಲೆ ಕುದಿಯುತ್ತಿದ್ದುದನ್ನು ಇಳಿಸಿದ ಸದ್ದಾಯಿತು.

"ಹೇಳೋದೇನು ಮಗಳೇ. ತಿದ್ದುತ್ತಿದ್ದಳು. ಆ ಅಕ್ಷರ ನಾನು ದೊಡ್ಡವಳಾದ ಮೇಲೆ ಕಲಿತದ್ದು ಅಂತ ಅವಳೊಬ್ಬಳಿಗೇ ತಿಳಿದದ್ದು. ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳಲೇ ಇಲ್ಲ."

ಮರುಕ್ಷಣವೇ, ಯಾರೋ ಗೆಸ್ಟ್ ಬಂದರು ಎಂದು ಹೇಳಿ ಫೋನ್ ಇಟ್ಟಳು.

ಸಿಂಹಳದಲ್ಲೂ ನಮ್ಮ ಕನ್ನಡದ ಹಾಗೆಯೇ. ಕೇಳುವುದು ಎಂದರೆ ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ಒಂದೇ ಪದ. ಕುಸುಮಾವತಿ ಯಾವ ಅರ್ಥದಲ್ಲಿ ಹೇಳಿದಳೆಂದು ತವಮಣಿಗೆ ತಿಳಿಯಲಿಲ್ಲ. ಸುಮುದುವಿಗೂ ತಿಳಿಯಲಿಲ್ಲವೆಂದು ಅವಳ ಮುಖ ಹೇಳುತ್ತಿತ್ತು. ಅದು ಗುಟ್ಟು ಉಳಿಯಿತೆಂಬ ಸಮಾಧಾನವೋ, ಯಾರಾದರೂ ಕೇಳಲಿ ಎಂದು ಕಾದು ಸೋತವಳ ದೂರೋ?

ಸುಮುದು ಅರ್ಧ ಊಟ ಬಿಟ್ಟು ಎದ್ದು ಕೈ ತೊಳೆದು ಬಂದಳು. ಫೋನ್ ಎತ್ತಿಕೊಂಡವಳು ಅಮ್ಮನ ನಂಬರ್ ಒತ್ತಲು ಹೋಗಿ, ತಡೆದು, ಅದನ್ನು ಆರಿಸಿ ಚೀಲದೊಳಗಿಟ್ಟಳು.

"ಇದರಲ್ಲಿ ಬೇಡ ಅಕ್ಕಾ," ಎಂದಳು. "ಇದು ಯಾರಿಗೆ ಕೇಳಿಸುತ್ತೋ ಗೊತ್ತಿಲ್ಲ. ಹೋಗಿ ಎದುರು ಕೂತು ಕೇಳ್ತೀನಿ."

ಅಂದೇ ಸಂಜೆ ರಜೆ ಹೇಳಿ, ಕೊಲಂಬೊ ವಿಮಾನ ಹಿಡಿಯಲು ಚೆನ್ನೈ ರೈಲು ಹತ್ತಿದಳು.